ಕೆಂಪು ಜೀರೋ ಬಲ್ಬು

ನಾನು ಚಿಕ್ಕವಳಿದ್ದಾಗ ನಮ್ಮ ನಡುಮನೆಗೆ ಹಗಲು ಅನ್ನುವುದೇ ಇರಲಿಲ್ಲ. ಅದೇನು ರಾಜರ ಕಾಲವಲ್ಲ ಮಕ್ಕಳೇ, ಎಂಬತ್ತರ ದಶಕ. ನಿಮ್ಮ ಅಜ್ಜಿ ಅಷ್ಟೇನೂ ಮುದುಕಿಯಲ್ಲ. ಅಶೋಕಪುರಂನ ಸಾಲುಮನೆಯೊಂದರಲ್ಲಿ ಅಪ್ಪ, ಅಕ್ಕ, ನಾನು ಬಾಡಿಗೆಗಿದ್ದೆವು. ನಡುಮನೆಗೆ ಕಿಟಕಿ ಇರಲಿಲ್ಲ. ಸೀಮೆಎಣ್ಣೆ, ಒಗ್ಗರಣೆ, ಹಸಿಗೋಡೆ ಎಲ್ಲದರ ವಾಸನೆಯೂ ಅಲ್ಲೇ ಸುತ್ತುತ್ತಿತ್ತು. ಬೆಳಕಿಗೆ ಇದ್ದದ್ದು ನಲವತ್ತು ಕ್ಯಾಂಡಲ್ಲಿನ ಒಂದೇ ಬಲ್ಬು.

ಅಕ್ಕ ಕೈಹೊಲಿಗೆಯಲ್ಲಿ ಗಟ್ಟಿಗಿತ್ತಿ. ಟೈಲರುಗಳು ಹೊಲಿದ ರವಿಕೆಗಳ ಅಂಚು ಮಡಿಸಿ ಹೊಲಿಯುವುದು, ಹುಕ್ಕು ಹಾಕುವುದು ಅವಳ ಕೆಲಸ. ಒಮ್ಮೆ ಯಾದವಗಿರಿಯ ಬಂಗಲೆಯ ಅಮ್ಮನವರೊಬ್ಬರು ಮಗಳ ಮದುವೆಯ ಕೆನೆಬಣ್ಣದ ರೇಷ್ಮೆ ರವಿಕೆ ಕೊಟ್ಟು, “ಚೆನ್ನಾಗಿ ಮಾಡ್ಕೊಡು, ನಮ್ಮ ಹಳೇ ಹೊಲಿಗೆ ಮಿಷನ್ ನಿಂಗೇ ಕೊಟ್ಬುಡ್ತೀನಿ” ಎಂದರು. ಅಂದಿನಿಂದ ಅಕ್ಕ ನಿದ್ದೆಯಲ್ಲೂ ಮಿಷನ್ ತುಳಿಯುವಂತೆ ಕಾಲು ಆಡಿಸುತ್ತಿದ್ದಳು.

ಅಪ್ಪನಿಗೋ ಕರೆಂಟು ಬಿಲ್ಲು ಬಂದರೆ ಊಟ ಸೇರುತ್ತಿರಲಿಲ್ಲ. ಅದೇ ವಾರ ನಡುಮನೆಯ ಬಲ್ಬು ಬಿಚ್ಚಿ, ದೇವರ ಪಟದ ಮುಂದೆ ಹಗಲಿರುಳೂ ಉರಿಯುತ್ತಿತ್ತಲ್ಲ, ಅಂಥದೇ ಕೆಂಪು ಜೀರೋ ಬಲ್ಬು ತಂದು ಹಾಕಿದರು. “ಇದಕ್ಕೆ ಮೀಟ್ರೇ ತಿರುಗಲ್ಲ ಕಣಮ್ಮ, ಬಿಟ್ಟಿ ಬೆಳಕು” ಎಂದರು. ಅಮ್ಮ ಇಲ್ಲದ ಮನೆ. ಅಪ್ಪ ಹೇಳಿದ್ದೇ ಸರಿ.

ರವಿಕೆಯನ್ನು ಮರುದಿನ ಬೆಳಿಗ್ಗೆ ಕೊಡಬೇಕಿತ್ತು. ಜಗಲಿಯಲ್ಲಿ ಕೂತಿದ್ದ ಅಕ್ಕ, ಸಂಜೆ ಮಬ್ಬಾದಾಗ ಒಳಗೆ ಬಂದು ಆ ಕೆಂಪು ಬೆಳಕಿನಡಿ ಕೂತಳು. ನೂಲು ಮುಗಿದಾಗ ಡಬ್ಬಿಯಿಂದ ಇನ್ನೊಂದು ಉಂಡೆ ತೆಗೆದಳು. “ನೋಡೇ, ಹೊಲಿಗೆ ಹಾಕಿರೋದೇ ಗೊತ್ತಾಗ್ತಿಲ್ಲ!” ಎಂದು ಹಿಗ್ಗಿದಳು. ನನಗೂ ನಿಜವಾಗಿಯೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಬಾಗಿಲ ಬಿಸಿಲಿಗೆ ಹಿಡಿದರೆ, ಅಂಚಿನುದ್ದಕ್ಕೂ ಬೆಕ್ಕು ಪರಚಿದಂತೆ ಕಡುಗೆಂಪು ನೂಲು! ಆ ಹಾಳು ಬೆಳಕಿನಲ್ಲಿ ಕೆನೆಬಣ್ಣವೂ ಕೆಂಪೂ ಒಂದೇ ಆಗಿ ಕಂಡಿದ್ದವು. ಹೊಲಿಗೆ ಬಿಚ್ಚಿದರೆ ರೇಷ್ಮೆಯ ತುಂಬ ತೂತು. ಬಂಗಲೆಯ ಅಮ್ಮನವರು ಬಯ್ಯಲಿಲ್ಲವಂತೆ. ರವಿಕೆ ಇಸಕೊಂಡು, “ಹೋಗಮ್ಮ” ಎಂದು ಗೇಟು ಹಾಕಿಕೊಂಡರಂತೆ.

“ಕಣ್ಣು ಎಲ್ಲಿಟ್ಕೊಂಡಿದ್ದೆ?” ಎಂದು ಅಪ್ಪ ರೇಗಿದರು. ಅಕ್ಕ ದೇವರ ಪಟದ ಬಲ್ಬನ್ನೂ ಬಿಡದೆ ಎಲ್ಲ ಆರಿಸಿ, ನಡುಮನೆಯ ಕೆಂಪು ಬಲ್ಬೊಂದನ್ನೇ ಉಳಿಸಿದಳು. “ಬನ್ನಿ ಅಪ್ಪಾ, ಮೀಟ್ರು ನೋಡಿ” ಎಂದಳು. ಗಾಜಿನೊಳಗೆ ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಅದರ ಕಪ್ಪು ಗುರುತು ಬಂತು, ಹೋಯಿತು, ಮತ್ತೆ ಬಂತು. ಅಪ್ಪ ನೋಡುತ್ತಲೇ ನಿಂತರು.

ಸಂಜೆಗೆ ಹಳೇ ಬಲ್ಬು ವಾಪಸ್ ಬಂತು. ಮಿಷನ್ ಬರಲಿಲ್ಲ. ಸುದ್ದಿ ತಿಳಿದು ಟೈಲರುಗಳೂ ರವಿಕೆ ಕಳಿಸುವುದು ಬಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಹಾಗಾಯಿತು. ಅಕ್ಕ ಊದುಬತ್ತಿ ಹೊಸೆಯಲು ಹೋದಳು. ಅಪ್ಪ ಕೆಟ್ಟವರೇನಲ್ಲ. ಆದರೂ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ನಿಮ್ಮ ಓದುವ ಮೇಜಿನ ಎಲ್‌ಇಡಿ ದೀಪ ಆ ಕೆಂಪು ಬಲ್ಬಿಗಿಂತ ಕಡಿಮೆ ಕರೆಂಟು ತಿಂದು ಕೋಣೆ ತುಂಬ ಬೆಳಕು ಕೊಡುತ್ತದೆ. ಓದಿಯಾದ ಮೇಲೆ ಆರಿಸಿ, ಖಂಡಿತ ಆರಿಸಿ. ಕತ್ತಲಲ್ಲಿ ಕೂತು ಮಾತ್ರ ಉಳಿಸಬೇಡಿ. ಮೊನ್ನೆ ನಿಮ್ಮ ಯೂನಿಫಾರ್ಮಿನ ಗುಂಡಿ ಕಿತ್ತುಹೋಗಿತ್ತಲ್ಲ, ಮನೆಗೆ ಬಂದಿದ್ದ ಅಕ್ಕನ ಕೈಗೆ ಅದೇ ದೀಪದಡಿ ಸೂಜಿ, ಬಿಳಿ ನೂಲು ಕೊಟ್ಟೆ. ಅವಳು ಎದ್ದು ಬಾಗಿಲಿಗೆ ಹೋಗಿ, ನೂಲನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಅದನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

“ಬಿಳೀದೇ ಕಣೇ. ಆದ್ರೂ ನೀನೇ ಹಾಕ್ಬುಡು” ಎಂದಳು.