ಗಣಿಯ ಬುತ್ತಿಯಲ್ಲಿ ಎದೆಹಾಲು

ಓಫಾ ಮಲಿನ್ಸ್‌ಳ ಬಾಯಿಗೆ ಪಶ್ಚಿಮ ವರ್ಜೀನಿಯಾದ ಆ ಕಲ್ಲಿದ್ದಲು ಕಣಿವೆಯಲ್ಲಿ ಪಾದ್ರಿಯೂ ಹೆದರುತ್ತಿದ್ದ. ಗಣಿಯ ಧೂಳು ಗಂಡನನ್ನು ನುಂಗಿದ ಮೇಲೆ ನಾಲ್ಕು ಮಕ್ಕಳನ್ನು ಒಬ್ಬಳೇ ಸಾಕಿದಳು. ಯಾರ ಮುಂದೂ ಕೈಯೊಡ್ಡಿದವಳಲ್ಲ, ಯಾರಿಗೂ ತಪ್ಪಾಯ್ತು ಅಂದವಳೂ ಅಲ್ಲ.

ಅಂಥವಳ ಕಿರಿಮಗಳು ಕ್ರಿಸ್ಟಾ ಬೆನ್ನುನೋವಿಗೆಂದು ನುಂಗಿದ ಮಾತ್ರೆಗೆ ದಾಸಿಯಾದಳು. ಬಸುರಾದ ಮೇಲೆ ಅದನ್ನು ಬಿಟ್ಟು, ಡಾಕ್ಟರು ಕೊಟ್ಟ ಚಟ ಬಿಡಿಸುವ ಔಷಧಿ ಹಿಡಿದಳು. ಆದರೂ ಹೆಣ್ಣುಕೂಸು ಡೆಲ್ಫಿ ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಗಲದ ಕೂಸು! ಗರ್ಭದಲ್ಲಿ ರೂಢಿಯಾದ ಔಷಧಿ ತಪ್ಪಿದ್ದಕ್ಕೆ ನಡುಗುತ್ತಾ ಕೀರಲು ದನಿಯಲ್ಲಿ ಅಳುತ್ತಿತ್ತು.

ಕೂಸನ್ನು ಬೆಟ್ಟದಾಚೆಯ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಹೆರಿಗೆಯಲ್ಲಿ ಹೊಲಿಗೆ ಹಾಕಿಸಿಕೊಂಡ ಕ್ರಿಸ್ಟಾ ಮನೆಯಲ್ಲಿ ಮಲಗಿಯೇ ಹಾಲು ಹಿಂಡಿ ಸೀಸೆಗೆ ತುಂಬಿದರೆ, ಓಫಾ ಅದನ್ನು ಬಚ್ಚಲಿಗೆ ಸುರಿದಳು.

"ಮಾಡಿದ್ದು ಸಾಲ್ದೇನೇ? ಇನ್ನು ಆ ವಿಷಾನೂ ಕುಡಿಸ್ತೀಯಾ?"

ಆಸ್ಪತ್ರೆಯಲ್ಲಿ ನರ್ಸ್ ರೋಡಾ ತಾಯಿಯ ಹಾಲು ಕೇಳಿದಾಗ ಓಫಾ, "ಅವಳಿಗೆ ಹಾಲೇ ಬಂದಿಲ್ಲ" ಎಂದುಬಿಟ್ಟಳು. ಕೂಸಿಗೆ ಪುಡಿಹಾಲು ಹಾಕಿದರು.

ಒಂದು ಬೆಳಿಗ್ಗೆ ನೋಡಿದರೆ ಡೆಲ್ಫಿಯ ಹೊಟ್ಟೆ ಬಿರಿಯುವಂತೆ ಉಬ್ಬಿದೆ, ಬಟ್ಟೆಯಲ್ಲಿ ರಕ್ತ. ಕರುಳೇ ಬೆಂದುಹೋಗುತ್ತಿದೆ, ಉಳಿಯುತ್ತದೆಂದು ಹೇಳಲಾಗದು ಅಂದರು ಡಾಕ್ಟರು. ಬಾಯಿಗೆ ಹನಿಯೂ ಇಲ್ಲ, ಬರೀ ಸೂಜಿಯ ಔಷಧಿ. ಓಫಾ ಗಾಜಿನ ಪೆಟ್ಟಿಗೆಯ ಪಕ್ಕ ಕಲ್ಲಿನಂತೆ ಕೂತಳು. ಕೂಸು ಮಾತ್ರ ಸೋಲಲಿಲ್ಲ. ಊತ ಇಳಿಯಿತು.

"ಈಗ ಹನಿ ಹನಿ ಶುರು ಮಾಡ್ಬೇಕು. ಈ ಕರುಳಿಗೆ ತಾಯಿ ಹಾಲಿನಷ್ಟು ಒಳ್ಳೇದು ಇನ್ನೊಂದಿಲ್ಲ. ಒಂಚೂರಾದ್ರೂ ಬರಲ್ವಾ?" ಅಂದಳು ರೋಡಾ.

"ಅದ್ರಲ್ಲಿ ಆ ಔಷಧಿ ಇರುತ್ತಲ್ಲಮ್ಮಾ?"

"ಎಳ್ಳಷ್ಟು. ಅದರಿಂದ ಭಯವಿಲ್ಲ."

ಹಾಗಾದರೆ ಓಫಾ ಬಚ್ಚಲಿಗೆ ಚೆಲ್ಲಿದ್ದು ವಿಷವಲ್ಲ.

ಮನೆಗೆ ಬಂದವಳೇ ಅಟ್ಟದಿಂದ ಗಂಡನ ಬುತ್ತಿಡಬ್ಬಿ ಇಳಿಸಿದಳು. ಕೆಳಗೆ ನೀರು, ಮೇಲೆ ಊಟ ಹಿಡಿಯುವ ಅಲ್ಯೂಮಿನಿಯಂ ಡಬ್ಬಿ ಅದು. ಗಣಿಯಿಂದ ಬರುವಾಗ ಅವನು ಅದರಲ್ಲೊಂದು ತುಂಡು ಕೇಕು ಉಳಿಸಿ ತರದ ಸಂಜೆಯಿರಲಿಲ್ಲ. ಮಕ್ಕಳು ಮುಗಿಬೀಳುತ್ತಿದ್ದವು, ಎಲ್ಲರಿಗಿಂತ ಮೊದಲು ಕ್ರಿಸ್ಟಾ.

"ಕೆಳಗೆ ಐಸ್ ತುಂಬಿದೀನಿ. ಮೇಲೆ ನಿನ್ನ ಹಾಲಿಡು."

"ಯಾಕೆ, ಬಚ್ಚಲು ದೂರ ಆಯ್ತಾ?"

"ಕೂಸಿಗೆ ಕಣೇ." ಓಫಾ ಡಬ್ಬಿಯನ್ನು ಮಗಳತ್ತ ಸರಿಸಿದಳು. "ತಪ್ಪಾಯ್ತು. ಇನ್ನೂ ಬರ್ತಿದೆಯಾ?"

"ನೀನು ಬೈದಿದ್ದು ಅದಕ್ಕೇನು ಗೊತ್ತು? ಹಿಂಡಿ ಹಿಂಡಿ ಚೆಲ್ತಾನೇ ಇದೀನಿ" ಎಂದು ಕ್ರಿಸ್ಟಾ ಅತ್ತುಬಿಟ್ಟಳು.

ಡಬ್ಬಿ ದಿನವೂ ಬೆಟ್ಟ ದಾಟಿತು. ದಾರದಂಥ ಕೊಳವೆಯಲ್ಲಿ ಹನಿ ಇಳಿದಾಗಲೆಲ್ಲ ಓಫಾ ಉಸಿರು ಬಿಗಿಹಿಡಿದು ಆ ಪುಟ್ಟ ಹೊಟ್ಟೆಯನ್ನೇ ನೋಡುತ್ತಿದ್ದಳು. ಅದು ಉಬ್ಬಲಿಲ್ಲ. ಒಂದು ಮಧ್ಯಾಹ್ನ ರೋಡಾ ಬಟ್ಟೆ ಬಿಚ್ಚಿ ತೋರಿಸಿದಳು: ಚಿನ್ನದಂಥ ಹಳದಿ ಹೇಲು, ರಕ್ತದ ಸುಳಿವೇ ಇಲ್ಲ.

"ಅಯ್ಯೋ ನನ್ನ ದೇವರೇ!" ಎಂದು ಓಫಾ ಕೈಮುಗಿದಳು. ಸತ್ತೇಹೋಗಬೇಕಿದ್ದ ಕರುಳು, ದಾರದೆಳೆಯಷ್ಟು ಸಣ್ಣದು, ತಾಯಿಯ ಹಾಲನ್ನು ಅರಗಿಸಿ ಮೈಗೆ ಹಚ್ಚಿಕೊಂಡಿತ್ತು. ಇಷ್ಟು ವರ್ಷ ಚರ್ಚಿಗೆ ಹೋಗಿಯೂ ಇಂಥ ಪವಾಡವನ್ನು ಅವಳು ಕಂಡಿರಲಿಲ್ಲ.

ಸಂಜೆ ಮನೆಗೆ ಬಂದು ಡಬ್ಬಿಯನ್ನು ಮಗಳ ಮಡಿಲಲ್ಲಿಟ್ಟಳು. ಕ್ರಿಸ್ಟಾ ಮುಚ್ಚಳ ತೆಗೆದಳು. ಒಳಗೊಂದು ತುಂಡು ಕೇಕಿತ್ತು.

"ಡೆಲ್ಫಿ ಉಳಿಸಿ ಕಳಿಸಿದ್ದಾಳೆ, ತಿನ್ನು" ಅಂದಳು ಓಫಾ.