ಟವಲಿನಡಿ ಇಳಿದ ಫೀಸು

ಪಕ್ಕದ ಮನೆಯ ಅಂಜಿನಮ್ಮತ್ತೆಯ ಹೆಗಲ ಮೇಲೆ ಸದಾ ಒಂದು ಟವಲು. ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಅದು ಎಷ್ಟು ಹುಳಿ ಕುಡಿದಿತ್ತೆಂದರೆ, ಹಿಂಡಿದರೆ ಒಂದು ಮದುವೆಮನೆಗೆ ಸಾಕಾಗುವಷ್ಟು ಸಾರಾಗುತ್ತಿತ್ತು. ನಾನು ಹಿಂಡಿ ನೋಡಿಲ್ಲ. ಆದರೆ ಅದರ ಪಕ್ಕ ಕೂತು ಬರೀ ಅನ್ನ ಉಂಡಿದ್ದೇನೆ.

ಹಳೇ ವ್ಯಾಪಾರಿಗಳ ಹಾಗೆ ಅತ್ತೆ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವಲಿನಡಿ ಎದುರಿನವರ ಕೈ ಹಿಡಿದು ಬೆರಳು ಒತ್ತಿ ಹೇಳುವುದು, ಒಂದೊಂದೇ ಬೆರಳು ಮಡಚಿ ಇಳಿಸುವುದು. ಇಳಿಸದ ಬೆಲೆಯನ್ನು ಆಕೆ ನಂಬಿದ್ದೇ ಇಲ್ಲ. ಒಮ್ಮೆ ಟಿಕೆಟ್ಟಿಗೂ ಕಂಡಕ್ಟರನ ಕೈ ಹಿಡಿದಳು. ಅವನು ಹೆದರಿ ಮುಂದಿನ ಸ್ಟಾಪಿನಲ್ಲಿ ತಾನೇ ಇಳಿದುಹೋದ.

ಕಲ್ಯಾಣದುರ್ಗದಲ್ಲಿದ್ದ ಆಕೆಯ ತಮ್ಮ ಓಬಳೇಶ, ಯಾರದೋ ಜಗಳ ಬಿಡಿಸಲು ಹೋಗಿ ಹೊಡೆದವರ ಜೊತೆ ತಾನೂ ಶಿಕ್ಷೆಯಾಗಿ ಜೈಲು ಸೇರಿದ. ಅಪೀಲಿನ ಗಡುವು ಹತ್ತಿರ ಬಂದಿತ್ತು. ಅವನೋ, ಅಕ್ಕ ಹೇಳದೆ ನೀರಿನ ಲೋಟವನ್ನೂ ಎತ್ತದವನು. ಹಾಗಾಗಿ ಅತ್ತೆ ನನ್ನನ್ನು ಎಳೆದುಕೊಂಡು ಕಲ್ಯಾಣದುರ್ಗದ ಲಾಯರಮ್ಮನ ಬಳಿ ಹೋದಳು.

"ಜೈಲಲ್ಲಿರೋರ ಅಪೀಲಿಗೆ ಕೋರ್ಟ್ ಫೀಸಿಲ್ಲಮ್ಮಾ. ವಕೀಲರನ್ನೂ ಸರ್ಕಾರಾನೇ ಕೊಡುತ್ತೆ. ನಿಮ್ ತಮ್ಮ ಸಹಿ ಹಾಕಿದ್ರೆ ಸಾಕು."

ಅತ್ತೆಗೆ ಸಿಟ್ಟೇ ಬಂತು. "ಮಂಡೀಲಿ ಬಿಟ್ಟಿ ಕೊಡೋ ಹಣ್ಣಲ್ಲಿ ಬರೀ ಹುಳ ಇರ್ತವೆ ಕಣಮ್ಮ! ಬೆಲೆ ಇಲ್ದಿದ್ ಕೇಸ್ನ ಜಡ್ಜು ಕಣ್ಣೆತ್ತಿ ನೋಡ್ತಾರಾ? ಫೀಸ್ ತಗೊಳ್ರಿ."

"ತಗೊಳ್ಳೋ ಹಂಗಿಲ್ಲಮ್ಮಾ."

"ಹಂಗಾರೆ ನಮ್ ಓಬ್ಳೇಶ ಸಹಿ ಹಾಕಲ್ಲ. ಪದರಾ, ಹೋಗಾನ!" ಎಂದು ತೆಲುಗು ಬೆರೆಸಿ ನನ್ನನ್ನು ಎಬ್ಬಿಸಿದಳು.

ಲಾಯರಮ್ಮ ಒಮ್ಮೆ ಅತ್ತೆಯ ಮುಖ ನೋಡಿದರು, ಒಮ್ಮೆ ಟವಲು. ಕುರ್ಚಿ ಮುಂದಕ್ಕೆಳೆದು ಕೈ ಚಾಚಿದರು. "ಸರೇ, ಬನ್ನಿ. ಟವಲು ಹಾಕಿ." (ಐಡಿಯಾ ನನ್ನದೇ ಎಂದು ಬೀದಿಗೆಲ್ಲ ಹೇಳಿದ್ದೇನೆ. ನೀವೂ ಹಾಗೇ ತಿಳಿಯಿರಿ.)

ಟವಲಿನೊಳಗೆ ಎರಡು ಬೆಕ್ಕು ಕಿತ್ತಾಡಿದಂತಾಯಿತು. ಅತ್ತೆ ಹಲ್ಲು ಕಚ್ಚಿದಳು. ಲಾಯರಮ್ಮ "ಅಯ್ಯೋ, ಇಷ್ಟು ಇಳಿಸಿದ್ರೆ ಹೆಂಗಮ್ಮಾ!" ಎಂದು ನರಳಿದರು. ಹೊರಗೆ ಜನ ಸೇರಿದರು. ಕೊನೆಗೆ ಅತ್ತೆ ಟವಲು ಕೊಡವಿದಾಗ, ಲಾಯರಮ್ಮನ ಕೈ ಬಿಗಿಮುಷ್ಟಿಯಾಗಿತ್ತು. ಒಂದು ಬೆರಳೂ ಹೊರಗಿರಲಿಲ್ಲ.

"ನೋಡ್ಲಾ, ಪೂರ್ತಿ ಇಳಿಸ್ಬುಟ್ಟೆ!" ಎಂದಳು ಅತ್ತೆ. "ಈಗ ಇದು ಕೇಸು!"

ಅಕ್ಕನ ಮಾತು ಜೈಲು ಮುಟ್ಟಿತು, ಓಬಳೇಶ ಸಹಿ ಹಾಕಿದ, ಮೇಲಿನ ಕೋರ್ಟು ಜಾಮೀನು ಕೊಟ್ಟಿತು. "ಇವನ್ಗೆ ಅನ್ನ ಬೇಯ್ಸಕ್ಕೂ ಬರಲ್ಲ, ಜಗ್ಳ ಬಿಡ್ಸಕ್ಕೂ ಬರಲ್ಲ" ಎಂದು ಅತ್ತೆ ಗಂಟುಮೂಟೆ ಕಟ್ಟಿ ಕಲ್ಯಾಣದುರ್ಗಕ್ಕೇ ಹೊರಟುಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ನನ್ನ ಕೈಮೇಲೆ ಟವಲು ಹೊದಿಸಿ, ಅದರಡಿ ನನ್ನ ಐದೂ ಬೆರಳು ಗಟ್ಟಿಯಾಗಿ ಒತ್ತಿದಳು.

"ಇದ್ಯಾವ್ದರ ಬೆಲೆ ಅತ್ತೆ?"

"ನಿಂದೇ ಕಣ್ಲಾ. ಯಾರ್ ಕೇಳಿದ್ರೂ ಇಳಿಸ್ಬ್ಯಾಡ."

ಬಸ್ಸು ಹೊರಟಿತು. ಒಂದು ಬೆರಳನ್ನೂ ಮಡಚದೆ ಕೈ ಬೀಸಿದೆ. ಮನೆಗೆ ಬಂದು ಅದೇ ಕೈಯಲ್ಲಿ ಬರೀ ಅನ್ನ ಉಂಡೆ. ಸಾರು ಬೇಕಾಗಲಿಲ್ಲ.