ಏಕೋಣಸತ್ತರ ಅಂದರೆ ಎಷ್ಟು?

ನೇರವಾಗಿ ಹೇಳಿಬಿಡುತ್ತೇನೆ. ನನಗೆ ಮರಾಠಿ ಅಂಕಿ ಬರುತ್ತಿರಲಿಲ್ಲ. ಹುಟ್ಟಿದ್ದು ಸೊಲ್ಲಾಪುರ, ಬೆಳೆದಿದ್ದು ಸೊಲ್ಲಾಪುರ, ಬೀದಿಯಲ್ಲಿ ಜಗಳವಾಡಿದ್ದೆಲ್ಲ ಮರಾಠಿಯಲ್ಲೇ. ಆದರೆ ಓದಿದ್ದು ಕನ್ನಡ ಶಾಲೆ, ಮಗ್ಗಿ ಕನ್ನಡದ್ದು. ಐವತ್ತರ ಮೇಲಿನ ಅಂಕಿಯನ್ನು ಯಾರಾದರೂ ಮರಾಠಿಯಲ್ಲಿ ಹೇಳಿದರೆ ನನ್ನ ತಲೆ ಅಲ್ಲೇ ನಿಂತುಬಿಡುತ್ತಿತ್ತು. ಮನೆ ನಂಬರು ಹೇಳಿದವರಿಗೆ ಗೋಣು ಹಾಕಿ, ಮುಂದಿನ ಓಣಿಗೆ ಹೋಗಿ ಇನ್ನೊಬ್ಬರನ್ನು ಕೇಳುತ್ತಿದ್ದೆ. ಕೆಲಸಕ್ಕೆ ಸೇರುವಾಗ ಸಾಹೇಬರು ಮರಾಠಿ ಬರುತ್ತದೆಯೇ ಎಂದು ಕೇಳಿದರು. ಏಕದಮ್ ಬರುತ್ತದೆ ಎಂದೆ.

ತೊಂಬತ್ತರ ದಶಕದ ಕಟ್ಟಕಡೆಯ ವರ್ಷ. ಟವೆಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸಾಹೇಬರು ಇಂಟರ್ನೆಟ್ ಕಂಪನಿ ತೆಗೆದಿದ್ದರು. ಕಂಪನಿ ಅಂದರೆ ಸಾಹೇಬರು, ನಾನು, ಅಕ್ಕಾರು, ಒಂದು ರೌಟರ್, ಮುಂಬೈಗೆ ಹೋಗುವ ಒಂದು ಲೈನು. ಅಕ್ಕಾರು ನನಗಿಂತ ಏಳೆಂಟು ವರ್ಷ ದೊಡ್ಡವರು. ದಿನಾ ಬೆಳಿಗ್ಗೆ ಅಕ್ಕಲಕೋಟದಿಂದ ಎಸ್‌ಟಿ ಬಸ್ಸಿನಲ್ಲಿ ಬರುವವರು. ಡಬ್ಬಿಯಲ್ಲಿ ಶೇಂಗಾ ಚಟ್ನಿ ತಂದರೆ ಅರ್ಧ ನನಗೇ. ದೀಪಾವಳಿ ಆದಮೇಲೆ ಅಕ್ಕಲಕೋಟ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಸಣ್ಣ ಆಫೀಸು ತೆರೆಯುವುದಿತ್ತು. ಅದನ್ನು ನೀವೇ ನಡೆಸಬೇಕು ಎಂದು ಸಾಹೇಬರು ಅಕ್ಕಾರಿಗೆ ಮಾತು ಕೊಟ್ಟಿದ್ದರು. ಮೇಜು ಯಾವ ಕಿಟಕಿಯ ಕೆಳಗೆ ಹಾಕಬೇಕು ಅನ್ನುವುದನ್ನೂ ಅವರು ಆಗಲೇ ಗೊತ್ತುಮಾಡಿಕೊಂಡಿದ್ದರು.

ಈಗ ಸ್ವಲ್ಪ ಕೆಲಸದ ವಿಷಯ, ಸಹಿಸಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ಪ್ರತಿ ಕಂಪನಿಗೂ ಒಂದಿಷ್ಟು ಅಂಕಿಗಳ ವಿಳಾಸ ಇರುತ್ತದೆ. ಈ ವಿಳಾಸಗಳಿಗೆ ಬರುವುದೆಲ್ಲ ನನ್ನ ಕಡೆ ಕಳಿಸಿ ಎಂದು ನಮ್ಮ ರೌಟರ್ ಜಗತ್ತಿಗೆ ಸಾರುತ್ತದೆ. ಸಾರುವವನು ಸುಳ್ಳೂ ಸಾರಬಹುದಲ್ಲ? ಅದಕ್ಕೇ ಒಂದು ದಾಖಲೆ, ರಜಿಸ್ಟ್ರಿ. ಯಾವ ವಿಳಾಸಕ್ಕೆ ಯಾವ ಕಂಪನಿಯ ದಾರಿ ಎಂದು ಅದರಲ್ಲಿ ನಾವೇ ಬರೆಸಬೇಕು. ನಮ್ಮ ಕಡೆಯವರಿಗೆ ಹೇಳುವುದಾದರೆ ಅದು ಹೊಲದ ಉತಾರೆ, ಅಂದರೆ ಪಹಣಿ, ಇದ್ದಂತೆ. ಹೊಲ ನೀವೇ ಉಳುತ್ತಿರಬಹುದು, ಉತಾರೆಯಲ್ಲಿ ನಂಬರು ತಪ್ಪಿದ್ದರೆ ಒಂದು ದಿನ ಯಾರೋ ಬಂದು ಬದುವಿನ ಮೇಲೆ ನಿಲ್ಲುತ್ತಾರೆ.

ನಮ್ಮ ವಿಳಾಸದ ಅಂಕಿಗಳು ಮುಂಬೈಯಿಂದ ಫ್ಯಾಕ್ಸಿನಲ್ಲಿ ಬಂದವು. ಕಾಗದ ಮಸಿ ಮಸಿ. ಅಕ್ಕಾರು ಮುಂಬೈಗೆ ಫೋನ್ ಹಚ್ಚಿ, ಅವರು ಹೇಳಿದ್ದನ್ನು ಮರಾಠಿಯಲ್ಲಿ ಜೋರಾಗಿ ಹೇಳುತ್ತಾ ಹೋದರು. ನಾನು ಬರೆದುಕೊಂಡೆ. ಮೂರನೆಯ ಅಂಕಿ ಬಂತು: ಏಕೋಣಸತ್ತರ. ಏಕ ಅಂದರೆ ಒಂದು, ಸತ್ತರ ಅಂದರೆ ಎಪ್ಪತ್ತು. ಎಪ್ಪತ್ತೊಂದು ಎಂದು ಬರೆದೆ. ಬರೋಬ್ಬರಿ ಬರೆದೆಯಾ, ಸರಿಯಿದೆಯಾ ಎಂದು ಅಕ್ಕಾರು ಕೇಳಿದರು. ಕಾಗದ ತೋರಿಸಲಿಲ್ಲ, ಹೌದು ಎಂದಷ್ಟೇ ಹೇಳಿದೆ. ಆ ಎಪ್ಪತ್ತೊಂದೇ ರಜಿಸ್ಟ್ರಿಗೆ ಹೋಯಿತು.

ರೌಟರ್‌ಗೆ ಅಂಕಿ ಹಾಕಿದವನು ಪುಣೆಯಿಂದ ಬಂದ ಇಂಜಿನಿಯರ್. ಅವನ ಹತ್ತಿರ ಅವನದೇ ಕಾಗದವಿತ್ತು, ಅವನು ಸರಿಯಾಗಿಯೇ ಹಾಕಿದ. ಮುಂಬೈಯವರು ಆಗ ರಜಿಸ್ಟ್ರಿ ನೋಡುತ್ತಲೇ ಇರಲಿಲ್ಲ. ಹಾಗಾಗಿ ಎರಡು ತಿಂಗಳು ಎಲ್ಲ ಸುರಳೀತ ನಡೆಯಿತು.

ಒಂದು ಸೋಮವಾರ ಬೆಳಿಗ್ಗೆ ಎಲ್ಲ ನಿಂತಿತು. ನಮ್ಮಿಂದ ಹೊರಗೆ ಹೋಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಡಾಕ್ಟರು, ಟವೆಲ್ ರಫ್ತಿನವರು, ಸೈಬರ್ ಕೆಫೆಯವರು ಎಲ್ಲರ ಫೋನೂ ನಮಗೇ. ಕೊನೆಗೆ ಮುಂಬೈಯವರ ಫೋನು ಬಂತು, ನಾನೇ ಎತ್ತಿದೆ. ಇವತ್ತಿನಿಂದ ರಜಿಸ್ಟ್ರಿಯಲ್ಲಿ ಇರುವ ದಾರಿಯನ್ನು ಮಾತ್ರ ಒಳಗೆ ಬಿಡುತ್ತೇವೆ, ನಿಮ್ಮ ರೌಟರ್ ಒಂದು ಸಾರುತ್ತದೆ, ನಿಮ್ಮ ದಾಖಲೆ ಇನ್ನೊಂದು ಹೇಳುತ್ತದೆ, ನೀವು ಬರೆಸಿದ್ದು ಯಾವುದೋ ಕಾಲೇಜಿನ ವಿಳಾಸ ಅಂದರು.

ಫೋನಿಟ್ಟು ಕೆಳಗೆ ಚಹಾದವನ ಹತ್ತಿರ ಹೋದೆ. ಏಕೋಣಸತ್ತರ ಅಂದರೆ ಎಷ್ಟು ಎಂದು ಕೇಳಿದೆ.

"ಎಪ್ಪತ್ತಕ್ಕ ಒಂದ ಕಮ್ಮಿ. ಅರವತ್ತೊಂಬತ್ತ," ಅಂದ. "ಇಷ್ಟ್ ವರ್ಷ ಸೊಲ್ಲಾಪುರದಾಗ ಏನ್ ಕಲತ್ಯೋ ತಮ್ಮಾ?"

ಅಂದರೆ ಮೇಲೆ ಹತ್ತಿ ಸಾಹೇಬರ ಮುಂದೆ ನಿಂತಾಗ ನನಗೆ ಗೊತ್ತಿತ್ತು. ಇದನ್ನು ಗಮನಿಸಿ. ಗೊತ್ತಿಲ್ಲದೆ ಆಡಿದ ಮಾತಲ್ಲ. ಸಾಹೇಬರು ನನ್ನ ಕಾಗದ ಹಿಡಿದು, ಇದೇನು ಎಂದು ಕೇಳಿದರು.

"ಅಕ್ಕಾರು ಹೇಳಿದ್ದನ್ನ ಬರದೀನ್ರಿ," ಅಂದೆ.

ಅಕ್ಕಾರು ನನ್ನ ಕಡೆ ತಿರುಗಿದರು. "ನಾ ಏಕೋಣಸತ್ತರ ಅಂದಿದ್ನಲ್ಲೋ?"

ನಾನು ರೌಟರಿನ ಹಸಿರು ದೀಪ ನೋಡುತ್ತಾ, "ಫೋನ್ ಖರಖರ ಅನ್ನಾಕತ್ತಿತ್ರಿ ಸಾಹೇಬ್ರ, ಅವರಿಗೆ ಬ್ಯಾರೆ ಕೇಳಿಸಿರಬೇಕ್ರಿ," ಅಂದೆ.

"ಒಂದ ಅಂಕಿ ಬರೋಬ್ಬರಿ ಹೇಳಾಕ ಆಗೂದಿಲ್ಲ. ಅಕ್ಕಲಕೋಟ ಒಬ್ಬರ ಹೆಂಗ ಸಂಭಾಳಸ್ತೀರಿ ಅಕ್ಕಾರ?" ಅಂದರು ಸಾಹೇಬರು. ಅಕ್ಕಾರು ತಾವು ಅಂದದ್ದೇ ತಪ್ಪಿರಬಹುದೇನೋ ಅನ್ನುವಂತೆ ತುಟಿಯಲ್ಲೇ ಆ ಅಂಕಿಯನ್ನು ಅಂದು ನೋಡಿಕೊಳ್ಳುತ್ತಿದ್ದರು.

ರಜಿಸ್ಟ್ರಿ ತಿದ್ದುವ ಮೇಲ್ ಕಳಿಸುವ ಕೆಲಸ ನನ್ನದೇ ಆಯಿತು. ಅದರಲ್ಲಿ ಷರಾ ಬರೆಯುವ ಒಂದು ಸಾಲಿರುತ್ತದೆ, ಜಗತ್ತಿನ ಯಾರು ಬೇಕಾದರೂ ಓದಬಹುದು. ಖಾಲಿ ಬಿಟ್ಟರೂ ನಡೆಯುತ್ತಿತ್ತು. ನಾನು ಬಿಡಲಿಲ್ಲ. ಫೋನಿನಲ್ಲಿ ಅಂಕಿ ಹೇಳಿದವರ ತಪ್ಪು ಎಂದು ಇಂಗ್ಲಿಷಿನಲ್ಲಿ ಬರೆದೆ. ಸಂಜೆಯೊಳಗೆ ಎಲ್ಲ ಮೊದಲಿನಂತೆ ನಡೆಯಿತು.

ಅಕ್ಕಲಕೋಟದ ಆಫೀಸು ನನಗೆ ಬಂತು. ಸೊಲ್ಲಾಪುರದವನಾದ ನಾನು ದಿನಾ ಬೆಳಿಗ್ಗೆ ಅಕ್ಕಲಕೋಟಕ್ಕೆ, ಅಕ್ಕಲಕೋಟದ ಅಕ್ಕಾರು ಸೊಲ್ಲಾಪುರಕ್ಕೆ. ನಡುದಾರಿಯ ವಳಸಂಗದ ಆಸುಪಾಸಿನಲ್ಲಿ ನಮ್ಮ ಬಸ್ಸುಗಳು ಎದುರಾಗುತ್ತಿದ್ದವು. ಆ ಹೊತ್ತಿಗೆ ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ.

ಅದಕ್ಕಿಂತ ಕೆಟ್ಟದ್ದು ಫೋನು. ಯಾವುದಾದರೂ ನಂಬರು ಬೇಕಾಗಿ ಸೊಲ್ಲಾಪುರಕ್ಕೆ ಹಚ್ಚಿದರೆ, ಮೊದಲು ಪಟಪಟ ಹೇಳುತ್ತಿದ್ದ ಅಕ್ಕಾರು ಈಗ ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಿದ್ದರು. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಆಮೇಲೆ, ಬರೋಬ್ಬರಿ ಹೇಳಿದೆನಲ್ಲ ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನನ್ನು!

ಒಂದು ದಿನ ತಡೆಯಲಾರದೆ ಮೊದಲ ಬಸ್ಸಿಗೇ ಹೋಗಿ, ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಅವರು ಬಸ್ಸಿಗೆ ನಿಂತಿದ್ದಾಗ ಎಲ್ಲ ಹೇಳಿದೆ. ಚಹಾದವನ ತನಕ ಹೇಳಿದೆ. ಅವರು ಬಯ್ಯಲಿಲ್ಲ. ಡಬ್ಬಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ನನಗ ಯಾಕ ಹೇಳ್ತಿ? ಎಲ್ಲಿ ತಪ್ಪ ಬರದೀದಿ, ಅಲ್ಲಿ ಹೋಗಿ ತಿದ್ದು," ಅಂದರು. ಬಸ್ಸು ಬಂತು, ಹತ್ತಿದರು.

ನಾಳೆಯೇ ಸಾಹೇಬರಿಗೆ ಹೇಳಬೇಕೆಂದು ಗಟ್ಟಿ ಮಾಡಿಕೊಂಡೆ. ನಾಳೆ ಸಾಹೇಬರ ಮನೆಯಲ್ಲಿ ಮದುವೆ. ಮುಂದಿನ ಸೋಮವಾರ ಅವರ ಮೂಡು ಸರಿ ಇರಲಿಲ್ಲ. ಅದರ ಮುಂದಿನ ಸೋಮವಾರ ನನ್ನದು. ಹೀಗೆ ನಾಲ್ಕು ಸೋಮವಾರ ಹೋದವು. ಐದನೆಯ ಸೋಮವಾರ ಬಗ್ಗದೆ ನೋಡಿದೆ, ವಳಸಂಗದಲ್ಲಿ ಎದುರಾದ ಬಸ್ಸಿನಲ್ಲಿ ಅಕ್ಕಾರು ಇರಲಿಲ್ಲ. ಕೆಲಸ ಬಿಟ್ಟಿದ್ದರು. ಅಕ್ಕಲಕೋಟದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿದ್ದರು.

ಅವತ್ತೇ ಸೊಲ್ಲಾಪುರಕ್ಕೆ ವಾಪಸು ಹೋಗಿ ಸಾಹೇಬರಿಗೆ ಹೇಳಿದೆ. ಹೇಳಲು ಕಷ್ಟವೇ ಆಗಲಿಲ್ಲ, ಅದೇ ನಾಚಿಕೆ. ಸಾಹೇಬರು "ಈಗ ಹೇಳ್ತಿ," ಅಂದರು. ರಜಿಸ್ಟ್ರಿಗೆ ಇನ್ನೊಂದು ಮೇಲ್ ಕಳಿಸಿದೆ. ಷರಾದ ಸಾಲು ಬದಲಾಯಿತು: ಅಂಕಿ ಹೇಳಿದವರು ಸರಿಯಾಗಿಯೇ ಹೇಳಿದ್ದರು, ತಪ್ಪು ಬರೆದುಕೊಂಡವನದು.

ಅದನ್ನು ಪ್ರಿಂಟ್ ತೆಗೆದುಕೊಂಡು ಆ ಶಾಲೆಗೆ ಹೋದೆ. ಅಕ್ಕಾರು ಹಾಜರಿ ಪುಸ್ತಕ ಬದಿಗಿಟ್ಟು, ಕಾಗದವನ್ನು ಮೇಲಿನಿಂದ ಕೆಳಗಿನ ತನಕ ನಿಧಾನ ಓದಿದರು. ಯಾವ ದಿನ ತಿದ್ದಿದ್ದು ಎನ್ನುವುದನ್ನೂ ರಜಿಸ್ಟ್ರಿ ಬರೆದಿಟ್ಟುಕೊಳ್ಳುತ್ತದೆ. ಅವರ ಬೆರಳು ಅಲ್ಲಿ ನಿಂತಿತು. ಅವರು ಕೆಲಸ ಬಿಟ್ಟ ಮೇಲಿನ ದಿನ.

"ತಾರೀಖಾದ್ರೂ ಬರೋಬ್ಬರಿ ಐತಿ," ಅಂದರು.

ಕಾಗದ ಮಡಚಿ ನನ್ನ ಕೈಗೇ ಕೊಟ್ಟರು.